ಹೊಸ ರಸ್ತೆ, ಹಳೆಯ ಹಳ್ಳ: ಪರಿಸರ ಪರಿಣಾಮ ಅಧ್ಯಯನದ ಮೊದಲೆರಡು ಹಂತಗಳು ಮತ್ತು ರೈತರ ಪಾತ್ರ

ಬಳ್ಳಾರಿ, ಕುರುಗೋಡು ಮತ್ತು ಸಿರುಗುಪ್ಪ ಭಾಗದ ಎರೆ ಭೂಮಿಯಲ್ಲಿ ಹೆದ್ದಾರಿ, ವಿದ್ಯುತ್ ಸ್ಥಾವರ, ವಿದ್ಯುತ್ ಮಾರ್ಗ, ವಿಮಾನ ನಿಲ್ದಾಣ, ಕಾಲುವೆ ನವೀಕರಣ ಮುಂತಾದ ದೊಡ್ಡ ಕಾಮಗಾರಿಗಳು ಒಂದರ ಹಿಂದೊಂದು ಬರುತ್ತಿವೆ. ಇವು ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಕಾಮಗಾರಿ ಬಂದಾಗ ಹೊಲಕ್ಕೆ ನೀರು ಬರುವ ದಾರಿ ಮತ್ತು ಹೊಲದಿಂದ ನೀರು ಹೋಗುವ ದಾರಿ ಎರಡೂ ಉಳಿಯುತ್ತವೆಯೇ ಎಂಬುದು ಬೇಸಾಯಗಾರನ ಪ್ರಶ್ನೆ.

ಈ ಪ್ರಶ್ನೆಯನ್ನು ಹೆಚ್ಚಿನ ರೈತರು ಕೇಳುವುದು ಜೆ.ಸಿ.ಬಿ. ಯಂತ್ರ ಹೊಲದ ಬದುವಿಗೆ ಬಂದು ನಿಂತ ಮೇಲೆ. ಕೆಲವರು ಸಾರ್ವಜನಿಕ ಆಲಿಕೆಯ ದಿನ ಕೇಳುತ್ತಾರೆ. ಆದರೆ ಅಧ್ಯಯನದಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬುದು ಆ ವೇಳೆಗಾಗಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಮೊದಲ ಎರಡು ಹಂತಗಳನ್ನು ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ಅರಿತಿರುವುದು ಅತ್ಯವಶ್ಯಕ.

ಪರಿಸರ ಪರಿಣಾಮ ಅಧ್ಯಯನ ಎಂದರೇನು?

ಒಂದು ಯೋಜನೆಯಿಂದ ನೆಲ, ಜಲ, ಗಾಳಿ, ಬೆಳೆ, ಜಾನುವಾರು ಮತ್ತು ಜನಜೀವನದ ಮೇಲೆ ಏನು ಪರಿಣಾಮವಾದೀತು ಎಂಬುದನ್ನು ಕೆಲಸ ಆರಂಭಿಸುವ ಮುನ್ನವೇ ಅಂದಾಜು ಮಾಡುವುದೇ ಈ ಅಧ್ಯಯನ. ಭಾರತದಲ್ಲಿ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯ ಅಡಿಯಲ್ಲಿ 1994ರಲ್ಲಿ ಇದನ್ನು ಕಡ್ಡಾಯಗೊಳಿಸಲಾಯಿತು. ಅದರ ಸ್ಥಾನದಲ್ಲಿ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಬಂದಿತು. ಹಲವು ಬಾರಿ ತಿದ್ದುಪಡಿಯಾಗಿದ್ದರೂ ಇಂದಿಗೂ ಆಧಾರ ಅದೇ. ಅದರಲ್ಲಿ ನಾಲ್ಕು ಹಂತಗಳಿವೆ:

1. ಸ್ಕ್ರೀನಿಂಗ್, ಅಂದರೆ ಜರಡಿ ಹಿಡಿಯುವುದು
2. ಸ್ಕೋಪಿಂಗ್, ಅಂದರೆ ಅಧ್ಯಯನದ ವ್ಯಾಪ್ತಿ ನಿರ್ಧರಿಸುವುದು
3. ಸಾರ್ವಜನಿಕ ಸಮಾಲೋಚನೆ
4. ತಜ್ಞರ ಸಮಿತಿಯಿಂದ ಮೌಲ್ಯಮಾಪನ

ಮೊದಲ ಹಂತ: ಜರಡಿ

ಬಿತ್ತನೆಗೆ ಮುನ್ನ ಕಾಳನ್ನು ಜರಡಿಗೆ ಹಾಕಿ ಗಟ್ಟಿ ಕಾಳನ್ನು ಬೇರ್ಪಡಿಸುವಂತೆ, ಯಾವ ಯೋಜನೆಗೆ ಅಧ್ಯಯನ ಬೇಕು, ಯಾವುದಕ್ಕೆ ಬೇಡ ಎಂದು ಇಲ್ಲಿ ವಿಂಗಡಿಸಲಾಗುತ್ತದೆ. ಅಧಿಸೂಚನೆಯ ಅನುಸೂಚಿಯಲ್ಲಿ ಯೋಜನೆಗಳ ಪಟ್ಟಿಯೂ ಗಾತ್ರದ ಮಿತಿಯೂ ಇವೆ. ದೊಡ್ಡವು ‘ಎ’ ವರ್ಗ. ಇವು ಕೇಂದ್ರ ಪರಿಸರ ಸಚಿವಾಲಯಕ್ಕೆ ಹೋಗುತ್ತವೆ. ಉಳಿದವು ‘ಬಿ’ ವರ್ಗ. ಇವನ್ನು ಬೆಂಗಳೂರಿನಲ್ಲಿರುವ ರಾಜ್ಯ ಪರಿಸರ ಪರಿಣಾಮ ನಿರ್ಧರಣಾ ಪ್ರಾಧಿಕಾರ ನೋಡುತ್ತದೆ. ‘ಬಿ’ ವರ್ಗದಲ್ಲಿ ಮತ್ತೆ ‘ಬಿ1’, ‘ಬಿ2’ ಎಂದು ಎರಡು ಭಾಗಗಳು. ‘ಬಿ2’ ಎಂದಾದರೆ ಪೂರ್ಣ ಅಧ್ಯಯನ ವರದಿಯೂ ಇಲ್ಲ, ಸಾರ್ವಜನಿಕ ಸಮಾಲೋಚನೆಯೂ ಇಲ್ಲ.

ಈ ಜರಡಿಯ ಕಣ್ಣು ಹೇಗಿದೆ ಎಂಬುದನ್ನು ಬಳ್ಳಾರಿ ಭಾಗದ ಉದಾಹರಣೆಗಳಿಂದ ತಿಳಿಯಬಹುದು.

ಉಷ್ಣ ವಿದ್ಯುತ್: ಕಲ್ಲಿದ್ದಲಿನ ಸ್ಥಾವರ 500 ಮೆಗಾವಾಟ್ ಅಥವಾ ಹೆಚ್ಚಿನದಾದರೆ ‘ಎ’ ವರ್ಗ. ಕುಡತಿನಿಯ ಬಳ್ಳಾರಿ ಉಷ್ಣ ವಿದ್ಯುತ್ ಕೇಂದ್ರದಲ್ಲಿ 500, 500 ಮತ್ತು 700 ಮೆಗಾವಾಟ್‌ನ ಮೂರು ಘಟಕಗಳಿವೆ. ಅಂತಹ ಗಾತ್ರದ ಸ್ಥಾವರ ಜರಡಿಯ ಮೇಲೆಯೇ ನಿಲ್ಲುತ್ತದೆ.

ಹೆದ್ದಾರಿ: ಹೊಸ ರಾಷ್ಟ್ರೀಯ ಹೆದ್ದಾರಿ ‘ಎ’ ವರ್ಗ. ಇರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಯಾದರೆ, ಉದ್ದ 100 ಕಿ.ಮೀ.ಗಿಂತ ಹೆಚ್ಚಾಗಿದ್ದು, ಹೆಚ್ಚುವರಿ ಭೂಮಿಯ ಅಗಲ ಹಳೆಯ ಮಾರ್ಗದಲ್ಲಿ 40 ಮೀಟರ್, ಬೈಪಾಸ್ ಅಥವಾ ಹೊಸ ತಿರುವಿನಲ್ಲಿ 60 ಮೀಟರ್ ಮೀರಿದಾಗ ಮಾತ್ರ ಪರಿಸರ ಅನುಮತಿ ಬೇಕಾಗುತ್ತದೆ ಎಂದು 2013ರಲ್ಲಿ ತಿದ್ದುಪಡಿಯಾಯಿತು. ಹೊಸಪೇಟೆಯಿಂದ ಬಳ್ಳಾರಿ ಮೂಲಕ ಆಂಧ್ರದ ಗಡಿಯವರೆಗಿನ ರಾಷ್ಟ್ರೀಯ ಹೆದ್ದಾರಿ 67ರ ಭಾಗ ಸುಮಾರು 95 ಕಿ.ಮೀ. ಎಂಬುದನ್ನು ನೆನೆದರೆ 100 ಕಿ.ಮೀ. ಎಂಬ ಮಿತಿ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ಸೌರ ಮತ್ತು ಪವನ ವಿದ್ಯುತ್, ವಿದ್ಯುತ್ ಮಾರ್ಗ: ಇವು ಅನುಸೂಚಿಯ ಪಟ್ಟಿಯಲ್ಲಿಯೇ ಇಲ್ಲ. ಸಿರುಗುಪ್ಪ ತಾಲ್ಲೂಕಿನ ಬಯಲಿನಲ್ಲಿ ಅಳಿವಿನಂಚಿನ ಎರೆಭೂತ ಹಕ್ಕಿ ಇಂದಿಗೂ ಕಾಣಸಿಗುತ್ತದೆ. ಭಾರವಾದ ಈ ಹಕ್ಕಿಗೆ ಹಾರುವಾಗ ಮುಂದಿನ ತಂತಿ ಬೇಗ ಕಾಣುವುದಿಲ್ಲ. ತಂತಿಗೆ ಬಡಿದು ಸಾಯುವುದು ದೇಶದಾದ್ಯಂತ ಕಂಡ ಅಪಾಯ. ಹೀಗಿದ್ದರೂ ತಂತಿ ಎಳೆಯುವ ಕೆಲಸ ಜರಡಿಗೇ ಬರುವುದಿಲ್ಲ. ಜರಡಿಯಿಂದ ಕೆಳಗೆ ಇಳಿದ ಯೋಜನೆಗೆ ಪರಿಣಾಮವೇ ಇಲ್ಲವೆಂದು ಅರ್ಥವಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕಾಲುವೆ ನವೀಕರಣ: ಇದು ತುಂಗಭದ್ರಾ ಅಚ್ಚುಕಟ್ಟಿನ ರೈತರು ವಿಶೇಷವಾಗಿ ಗಮನಿಸಬೇಕಾದ ವಿಷಯ. ನೀರಾವರಿ ಯೋಜನೆಗಳ ಆಧುನೀಕರಣಕ್ಕೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. ಹೊಸ ಭೂಸ್ವಾಧೀನವಿಲ್ಲದ ರಸ್ತೆ ವಿಸ್ತರಣೆಗೂ ಇದೇ ವಿನಾಯಿತಿ. ಆಲಿಕೆಯ ದಿನ ಮಾತನಾಡೋಣ ಎಂದು ಕಾದು ಕುಳಿತರೆ ಆ ದಿನವೇ ಬಾರದಿರಬಹುದು.

ಎರಡನೆಯ ಹಂತ: ವ್ಯಾಪ್ತಿ ನಿರ್ಧಾರ

ಜರಡಿಯ ಮೇಲೆ ನಿಂತ ಯೋಜನೆಗೆ ಅಧ್ಯಯನ ಬೇಕೆಂದಾಯಿತು. ಆದರೆ ಏನನ್ನು, ಎಲ್ಲಿಯವರೆಗೆ, ಯಾವ ಕಾಲದಲ್ಲಿ, ಯಾವ ವಿಧಾನದಲ್ಲಿ ಅಧ್ಯಯನ ಮಾಡಬೇಕು? ಇದನ್ನು ತಜ್ಞರ ಸಮಿತಿ ನಿರ್ಧರಿಸಿ ಲಿಖಿತವಾಗಿ ಕೊಡುತ್ತದೆ. ಕಚೇರಿಗಳಲ್ಲಿ ಇದನ್ನು ಟಿ.ಓ.ಆರ್. ಎನ್ನುತ್ತಾರೆ, ಇಲ್ಲಿ ‘ಅಧ್ಯಯನದ ಪ್ರಶ್ನೆಪಟ್ಟಿ’ ಎಂದು ಕರೆಯಬಹುದು. ಯೋಜನೆಯವರು ತುಂಬಿಕೊಡುವ 1ನೇ ನಮೂನೆಯೇ ಇದಕ್ಕೆ ಮುಖ್ಯ ಆಧಾರ.

ಆ ನಮೂನೆಯಲ್ಲಿ ಯೋಜನಾ ಸ್ಥಳದ ಸುತ್ತ ಕೃಷಿ, ಅಂತರ್ಜಲ ಮುಂತಾದ ಮುಖ್ಯ ಸಂಪನ್ಮೂಲಗಳಿವೆಯೇ, ಪ್ರವಾಹಕ್ಕೆ ತುತ್ತಾಗುವ ಜಾಗವಿದೆಯೇ, ಜನ ಬಳಸುವ ದಾರಿಗಳಿವೆಯೇ ಎಂಬ ಪ್ರಶ್ನೆಗಳಿವೆ. ಅಲ್ಲಿ ಬರೆಯುವ ಒಂದು ಸಾಲಿನ ಮೇಲೆ ಬಹಳಷ್ಟು ನಿಂತಿರುತ್ತದೆ. ‘ಕೃಷಿ ಭೂಮಿ ಇದೆ’ ಎಂದಷ್ಟೇ ಬರೆದರೆ ಅಧ್ಯಯನವೂ ಅಷ್ಟಕ್ಕೇ ನಿಲ್ಲುತ್ತದೆ. ‘ಕೆಳಮಟ್ಟದ ಕಾಲುವೆಯ ಭತ್ತದ ಅಚ್ಚುಕಟ್ಟು ಇದೆ, ಮಾರ್ಗ ಇಷ್ಟು ಹೊಲಗಾಲುವೆ, ಇಷ್ಟು ಬಸಿಗಾಲುವೆಗಳನ್ನು ಅಡ್ಡ ಹಾಯುತ್ತದೆ’ ಎಂದು ಬರೆದರೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

2015ರಿಂದ ಆಯಾ ಬಗೆಯ ಯೋಜನೆಗೆ ದೇಶಕ್ಕೆಲ್ಲ ಒಂದೇ ಮಾದರಿಯ ಪ್ರಶ್ನೆಪಟ್ಟಿ ಸಿದ್ಧವಾಗಿದೆ. ಮಲೆನಾಡಿನ ಗುಡ್ಡದ ರಸ್ತೆಗೂ ಸಿರುಗುಪ್ಪದ ಎರೆಬಯಲಿನ ರಸ್ತೆಗೂ ಬರುವುದು ಅದೇ ಪಟ್ಟಿ. ಸ್ಥಳಕ್ಕೆ ತಕ್ಕ ಹೆಚ್ಚಿನ ಪ್ರಶ್ನೆಗಳನ್ನು ಸಮಿತಿ ಸೇರಿಸಬಹುದು. ಆದರೆ ಸ್ಥಳದ ಮಾಹಿತಿ ಸಮಿತಿಯ ಮುಂದೆ ಇರಬೇಕು. ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಗೆ ವರದಿಯಲ್ಲಿ ಉತ್ತರವೂ ಇರುವುದಿಲ್ಲ.

ತುಂಗಭದ್ರೆ ಕಲಿಸಿದ ಪಾಠ

ಈ ಕಾಯ್ದೆಗಳು ಬರುವುದಕ್ಕೆ ಬಹಳ ಮುಂಚೆಯೇ ಸಿರುಗುಪ್ಪದಲ್ಲಿ ಇಂತಹ ಒಂದು ಪ್ರಯತ್ನ ನಡೆದಿತ್ತು. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮೊದಲು, 1930ರ ದಶಕದಲ್ಲಿಯೇ, ಅಂದಿನ ಮದರಾಸು ಸರ್ಕಾರ ಎರೆ ಭೂಮಿಗೆ ನೀರು ಕೊಟ್ಟರೆ ಏನಾದೀತು ಎಂದು ಅರಿಯಲು ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರ ಆರಂಭಿಸಿತು. ಇಂದು ಅದು ರಾಯಚೂರು ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲಿದೆ. ಕೆಲಸಕ್ಕೆ ಮುನ್ನ ಪ್ರಶ್ನೆ ಕೇಳುವ ರೀತಿ ಎಂದರೆ ಇದೇ.

ಎರೆ ಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಬಸಿಯುವುದು ಇನ್ನೂ ನಿಧಾನ. ಆದ್ದರಿಂದ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂತಹ ಅರೆ ನೀರಾವರಿ ಬೆಳೆಗಳಿಗೆ ಗೊತ್ತುಪಡಿಸಲಾಗಿತ್ತು. ಮುಂದೆ ನಡೆದದ್ದು ಬೇರೆ. ತಲೆಭಾಗದಲ್ಲಿ ಭತ್ತ ಹಬ್ಬಿತು, ಕೊನೆಭಾಗಕ್ಕೆ ನೀರು ಸಾಲದಾಯಿತು, ತಗ್ಗಿನ ಹೊಲಗಳು ಸವಳು–ಜವಳಾದವು. ಯೋಜನಾ ಪ್ರದೇಶದಲ್ಲಿ ಹತ್ತಾರು ಸಾವಿರ ಹೆಕ್ಟೇರ್ ಭೂಮಿ ಹೀಗೆ ಕೆಟ್ಟಿತು. ಇದರ ಸುಧಾರಣೆಗಾಗಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಸಿಗಾಲುವೆ ಪ್ರಯೋಗಗಳು ನಡೆಯುತ್ತಾ ಬಂದಿವೆ. ಜಲಾಶಯದ ಸಾಮರ್ಥ್ಯವೂ ಹೂಳಿನಿಂದಾಗಿ ಸುಮಾರು 133 ಟಿ.ಎಂ.ಸಿ. ಅಡಿಯಿಂದ ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿದೆ.

ಮಣ್ಣಿನ ಪ್ರಶ್ನೆಯನ್ನು ಇಲ್ಲಿ ಕೇಳಲಾಗಿತ್ತು. ನೀರು ಕಂಡ ರೈತ ಯಾವ ಬೆಳೆ ಇಡುತ್ತಾನೆ, ಬಸಿನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಸಾಕಷ್ಟು ಒತ್ತು ಸಿಗಲಿಲ್ಲ. ವ್ಯಾಪ್ತಿ ನಿರ್ಧಾರದಲ್ಲಿ ಬಿಟ್ಟ ಒಂದು ಪ್ರಶ್ನೆಯ ಬೆಲೆಯನ್ನು ತಗ್ಗಿನ ಹೊಲದವನು ತಲೆಮಾರುಗಳ ಕಾಲ ತೆರಬೇಕಾಗುತ್ತದೆ.

ಎರೆ ಭೂಮಿಯಲ್ಲಿ ಕೇಳಲೇಬೇಕಾದ ಪ್ರಶ್ನೆಗಳು

ಸಿರುಗುಪ್ಪ ಅಥವಾ ಕುರುಗೋಡಿನ ಹೊರವಲಯದಲ್ಲಿ ಭತ್ತದ ಗದ್ದೆಗಳ ನಡುವೆ ಹೊಸ ಬೈಪಾಸ್ ರಸ್ತೆ ಬರುತ್ತದೆ ಎಂದು ಉದಾಹರಣೆಗಾಗಿ ಭಾವಿಸೋಣ.

(ಅ) ನೀರು ಹೋಗುವ ದಾರಿ: ರಸ್ತೆಯ ಏರಿ ಎಂದರೆ ಹೊಲಗಳ ನಡುವಿನ ಒಂದು ಉದ್ದನೆಯ ಒಡ್ಡು. ಏರಿಯ ಮೇಲ್ಭಾಗದಲ್ಲಿ 100 ಹೆಕ್ಟೇರ್ ಹೊಲವಿದ್ದು, ಒಂದೇ ದಿನ 50 ಮಿ.ಮೀ. ಮಳೆ ಬಿದ್ದು, ಅದರಲ್ಲಿ ಶೇಕಡಾ 60 ಭಾಗ ಹರಿದು ಬಂದರೆ 30,000 ಘನ ಮೀಟರ್ ನೀರಾಗುತ್ತದೆ. ಮೋರಿ ಇಲ್ಲದೆ ಅದು 10 ಹೆಕ್ಟೇರ್ ತಗ್ಗಿನಲ್ಲಿ ನಿಂತರೆ ಸರಾಸರಿ 30 ಸೆಂ.ಮೀ. ಆಳ. ಹೊಸದಾಗಿ ನಾಟಿ ಮಾಡಿದ ಭತ್ತ ಮುಳುಗಲು ಅಷ್ಟು ಸಾಕು. ಹತ್ತಿ ಮತ್ತು ಮೆಣಸಿನಕಾಯಿಗೆ ನಿಂತ ನೀರು ಒಂದೆರಡು ದಿನವೂ ಆಗದು. ಆದ್ದರಿಂದ ಕಂದಾಯ ನಕ್ಷೆಯಲ್ಲಿರುವ ಹಳ್ಳಗಳ ಜೊತೆಗೆ ನಕ್ಷೆಯಲ್ಲಿಲ್ಲದ ಬಸಿಗಾಲುವೆಗಳನ್ನೂ ಎಣಿಸಬೇಕೆಂದು ಕೇಳಬೇಕು.

(ಆ) ನೀರು ಬರುವ ದಾರಿ: ವಿತರಣಾ ಕಾಲುವೆಗೆ ಸೇತುವೆ ಕಟ್ಟುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ತೂಬಿನ ಕೆಳಗಿನ ಹೊಲಗಾಲುವೆಯನ್ನು. ರಸ್ತೆಯಾಚೆಗೆ ಉಳಿದ ನಾಲ್ಕೈದು ಎಕರೆಗೆ ಯಾವ ಅಡ್ಡಮೋರಿಯಿಂದ, ಯಾವ ಮಟ್ಟದಲ್ಲಿ ನೀರು ತಲುಪುತ್ತದೆ ಎಂದು ಕೇಳಬೇಕು. ಮೋರಿಯ ತಳ ಹೊಲಗಾಲುವೆಯ ತಳಕ್ಕಿಂತ ಒಂದು ಗೇಣು ಎತ್ತರವಾದರೂ ನೀರು ಹತ್ತುವುದಿಲ್ಲ.

(ಇ) ಸವಳು–ಜವಳು: ನೆಲದೊಳಗಿನ ನೀರಿನ ಮಟ್ಟ ಮೇಲ್ಮೈಯಿಂದ 2 ಮೀಟರ್ ಒಳಗೆ ಬಂದರೆ ಜವಳು, 2ರಿಂದ 3 ಮೀಟರ್ ಒಳಗಿದ್ದರೆ ಜವಳಾಗುವ ಸಂಭವ ಎಂದು ಎಣಿಸಲಾಗುತ್ತದೆ. ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ಮೀರಿದರೆ ಸವಳು ಭೂಮಿ. ಭತ್ತ ಸುಮಾರು 3ರವರೆಗೆ ತಡೆಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಒಂದು ಅಂಶಕ್ಕೆ ಇಳುವರಿ ಸುಮಾರು ಶೇಕಡಾ 12ರಷ್ಟು ಇಳಿಯುತ್ತದೆ. ಅಂದರೆ 5ರ ಹೊತ್ತಿಗೆ ಕಾಲು ಭಾಗ ಬೆಳೆ ಹೋದಂತೆಯೇ. ಹತ್ತಿ 7.7ರವರೆಗೆ ತಾಳಿಕೊಳ್ಳುತ್ತದೆ. ಏರಿಯಿಂದ ಬಸಿಯುವಿಕೆ ತಡೆದು ಈ ಅಂಕಿ ಎಷ್ಟು ಏರಬಹುದು ಎಂಬುದು ಅಧ್ಯಯನದ ಪ್ರಶ್ನೆಯಾಗಬೇಕು.

(ಈ) ಮಾಹಿತಿಯ ಕಾಲ: ಹಲವು ಅಧ್ಯಯನಗಳಲ್ಲಿ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಂಗ್ರಹಿಸುವ ರೂಢಿ ಇದೆ. ಬೇರೆ ಕಡೆ ಇದು ನಡೆದೀತು. ಕಾಲುವೆ ಅಚ್ಚುಕಟ್ಟಿನಲ್ಲಿ ಇದರಿಂದ ದಾರಿ ತಪ್ಪುತ್ತದೆ. ಕಾಲುವೆ ನಿಂತ ಬೇಸಿಗೆಯಲ್ಲಿ ಅಳೆದರೆ ನೆಲದ ನೀರು ಆಳಕ್ಕೆ ಇಳಿದಿರುತ್ತದೆ. ಎಲ್ಲವೂ ಚೆನ್ನಾಗಿರುವಂತೆ ಕಾಣುತ್ತದೆ. ಮುಂಗಾರು ಭತ್ತದ ಗದ್ದೆಯಲ್ಲಿ ನೀರು ನಿಂತಿರುವಾಗ ಒಮ್ಮೆ, ಕಾಲುವೆ ನಿಂತ ಮೇಲೆ ಒಮ್ಮೆ, ಹೀಗೆ ಎರಡು ಬಾರಿಯಾದರೂ ಅಳೆಯಬೇಕೆಂದು ಪ್ರಶ್ನೆಪಟ್ಟಿಯಲ್ಲಿಯೇ ಸೇರಿಸಲು ಕೇಳಬೇಕು.

(ಉ) ಏರಿಯ ಮಣ್ಣು: 60 ಮೀಟರ್ ಅಗಲದ ಪಟ್ಟಿಗೆ ಪ್ರತಿ ಕಿ.ಮೀ.ಗೆ 6 ಹೆಕ್ಟೇರ್, ಅಂದರೆ ಸುಮಾರು 15 ಎಕರೆ ಭೂಮಿ ಹೋಗುತ್ತದೆ. ಇದು ಎಲ್ಲರಿಗೂ ಕಾಣುವ ಲೆಕ್ಕ. ಕಾಣದ ಲೆಕ್ಕ ಇನ್ನೊಂದಿದೆ. ಮೇಲೆ 30 ಮೀಟರ್, ತಳದಲ್ಲಿ 42 ಮೀಟರ್ ಅಗಲವಿರುವ 3 ಮೀಟರ್ ಎತ್ತರದ ಏರಿಗೆ ಪ್ರತಿ ಕಿ.ಮೀ.ಗೆ 1,08,000 ಘನ ಮೀಟರ್ ಮಣ್ಣು ಬೇಕು. ಒಂದು ಮೀಟರ್ ಆಳಕ್ಕೆ ಅಗೆದರೆ ಸುಮಾರು 27 ಎಕರೆ ಹೊಲದ ಮೇಲ್ಮಣ್ಣು ಹೋಯಿತು. ರಸ್ತೆಗೆ ಹೋದುದಕ್ಕಿಂತ ಇದೇ ಹೆಚ್ಚು! ರಸ್ತೆ ಮುಂತಾದ ಉದ್ದ ಕಾಮಗಾರಿಗಳ ಮಣ್ಣು ತೆಗೆಯುವಿಕೆಗೆ 2020ರಲ್ಲಿ ನೀಡಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ರದ್ದುಪಡಿಸಿತು. ನಂತರ ನಿಯಮ ಮತ್ತೆ ಬದಲಾಗಿರುವುದರಿಂದ ಸದ್ಯದ ಮಿತಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಉಷ್ಣ ವಿದ್ಯುತ್ ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ ಏರಿಗಳಿಗೆ ಹಾರುಬೂದಿ ಬಳಸಬೇಕೆಂಬ ನಿಯಮವೂ ಇದೆ. ಕುಡತಿನಿಯ ಸ್ಥಾವರ ಹತ್ತಿರದಲ್ಲಿಯೇ ಇದೆ. ‘ಹೊಲದ ಮಣ್ಣಿಗೆ ಬದಲು ಬೂದಿ ಎಷ್ಟು ಬಳಸುವಿರಿ, ಅದು ಹಾರದಂತೆ, ಕಾಲುವೆಗೆ ಇಳಿಯದಂತೆ ಹೇಗೆ ತಡೆಯುವಿರಿ?’ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

(ಊ) ಪರ್ಯಾಯ ಮಾರ್ಗ: ಇನ್ನೊಂದು ಜಾಗ ಅಥವಾ ಮಾರ್ಗವನ್ನು ನೋಡಲಾಗಿದೆಯೇ? ಬಳ್ಳಾರಿ ಬಳಿಯ ಚಾಗನೂರು–ಸಿರಿವಾರದಲ್ಲಿ ವಿಮಾನ ನಿಲ್ದಾಣಕ್ಕೆ ಭೂಮಿ ಗುರುತಿಸಿದಾಗ, ನೀರಾವರಿಯ ಫಲವತ್ತಾದ ಭೂಮಿಯೇ ಏಕೆ ಎಂದು ರೈತರು ವರ್ಷಗಟ್ಟಲೆ ಆಕ್ಷೇಪಿಸಿದರು. ಪರ್ಯಾಯದ ಪ್ರಶ್ನೆಗೆ ಉತ್ತರಿಸಬೇಕಾದ ಜಾಗ ವ್ಯಾಪ್ತಿ ನಿರ್ಧಾರದ ಹಂತ. ಆಮೇಲೆ ಕೇಳಿದರೆ ಅದು ಹೋರಾಟವಾಗುತ್ತದೆ, ನ್ಯಾಯಾಲಯಕ್ಕೆ ಹೋಗುತ್ತದೆ.

(ಋ) ದಾರಿಗಳು: ಬಂಡಿ ದಾರಿ, ದನಕರುಗಳು ಮೇವಿಗೆ ಹೋಗುವ ದಾರಿ, ಕೊಯ್ಲು ಯಂತ್ರ ಹೊಲಕ್ಕೆ ಇಳಿಯುವ ದಾರಿ, ಇವುಗಳಿಗೆ ಕೆಳಸೇತುವೆ ಎಲ್ಲಿ, ಎಷ್ಟು ಅಗಲ, ಎಷ್ಟು ಎತ್ತರ ಎಂಬುದು ನಮೂದಾಗಬೇಕು.

ಪರಿಹಾರ ಯಾರಿಗೆ, ನಷ್ಟ ಯಾರಿಗೆ?

ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಹೋದ ಭೂಮಿಯ ಬೆಲೆಯ ಜೊತೆಗೆ, ಹೊಲ ಎರಡು ತುಂಡಾದುದರ ನಷ್ಟವನ್ನೂ ಉಳಿದ ಆಸ್ತಿಗೆ ಆದ ಹಾನಿಯನ್ನೂ ಗಣನೆಗೆ ತೆಗೆದುಕೊಳ್ಳಲು ಅವಕಾಶವಿದೆ. ಆದರೆ ಇದು ಭೂಮಿ ಕಳೆದುಕೊಂಡವನಿಗೆ. ಒಂದು ಗುಂಟೆಯನ್ನೂ ಕಳೆದುಕೊಳ್ಳದೆ, ಏರಿಯ ಮೇಲ್ಬದಿಯಲ್ಲಿ ಇರುವ ರೈತನ ಹೆಸರು ಸ್ವಾಧೀನದ ಪಟ್ಟಿಯಲ್ಲಿಯೇ ಇರುವುದಿಲ್ಲ. ಮೂರು ಮಳೆಗಾಲ ಕಳೆದ ಮೇಲೆ ಅವನ ಹೊಲದಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡರೆ ಅದು ರಸ್ತೆಯಿಂದಲೇ ಬಂದಿತೆಂದು ಹೇಗೆ ತೋರಿಸುವುದು? ಅಧ್ಯಯನದ ಪ್ರಶ್ನೆಪಟ್ಟಿಯೂ ಅವನದೇ ಆದ ದಾಖಲೆಯೂ ಅವನಿಗೆ ಆಸರೆ.

ದಾಖಲೆ ಇಡುವ ಕ್ರಮ

1. ಗ್ರಾಮದ ನಕ್ಷೆಯ ಮೇಲೆ ಹಳ್ಳ, ಹೊಲಗಾಲುವೆ, ಬಸಿಗಾಲುವೆ, ತೂಬು, ಬಾವಿ, ಬಂಡಿ ದಾರಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ, ಸರ್ವೆ ನಂಬರು ಬರೆಯಬೇಕು.

2. ಎರಡು ಅಂಗುಲದ ಪಿ.ವಿ.ಸಿ. ಕೊಳವೆಯ ಕೆಳ ಅರ್ಧಕ್ಕೆ ಸಣ್ಣ ರಂಧ್ರ ಕೊರೆದು, ಎರಡು ಮೀಟರ್ ಆಳಕ್ಕೆ ಇಳಿಸಿ, ಸುತ್ತ ಸಣ್ಣ ಜಲ್ಲಿ ತುಂಬಿ, ಬಾಯಿಗೆ ಮುಚ್ಚಳ ಹಾಕಬೇಕು. ಪ್ರತಿ ತಿಂಗಳ 1 ಮತ್ತು 15ರಂದು ಟೇಪಿನಿಂದ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯಬೇಕು. ಉದ್ದೇಶಿತ ಮಾರ್ಗದ ಎರಡೂ ಬದಿಗೆ ಇಂತಹ ಒಂದೆರಡು ಕೊಳವೆಗಳು ಸಾಕು.

3. ಮಾರ್ಗದ ಎರಡೂ ಬದಿಯಲ್ಲಿ 0–15, 15–30 ಮತ್ತು 30–60 ಸೆಂ.ಮೀ. ಆಳದ ಮಣ್ಣಿನ ಮಾದರಿ ತೆಗೆದು ರಸಸಾರ ಮತ್ತು ವಿದ್ಯುತ್ ವಾಹಕತೆ ಪರೀಕ್ಷೆ ಮಾಡಿಸಬೇಕು. ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೆದ ಅಂಕಿ ಸಂತೃಪ್ತ ಸಾರದ ಅಂಕಿಗಿಂತ ಕಡಿಮೆ ಬರುತ್ತದೆ. ಯಾವ ವಿಧಾನ ಎಂಬುದನ್ನು ವರದಿಯ ಮೇಲೆ ಬರೆಯಿಸಿಕೊಳ್ಳಬೇಕು.

4. ಪ್ರತಿ ಹಂಗಾಮಿನ ಬೆಳೆ, ತಳಿ, ಎಕರೆವಾರು ಇಳುವರಿ, ನೀರು ಬಂದ ಮತ್ತು ನಿಂತ ದಿನಾಂಕಗಳನ್ನು ನಮೂದಿಸಬೇಕು.

5. ದೊಡ್ಡ ಮಳೆಯ ಮರುದಿನ ನೀರು ನಿಂತ ಜಾಗದ ಚಿತ್ರವನ್ನು ದಿನಾಂಕ ಸಹಿತ ತೆಗೆದಿಡಬೇಕು.

ಎಲ್ಲಿ, ಯಾವಾಗ ಕೇಳಬೇಕು?

ಪರಿಸರ ಅನುಮತಿಯ ಅರ್ಜಿಗಳೂ ಪ್ರಶ್ನೆಪಟ್ಟಿಗಳೂ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ದೊರೆಯುತ್ತವೆ. ಗ್ರಾಮ ಪಂಚಾಯಿತಿಯ ಗಣಕಯಂತ್ರದಲ್ಲಿ ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಓದುಬಲ್ಲ ಯುವಕನೊಬ್ಬನಿಗೆ ಒಪ್ಪಿಸಬಹುದು. ಅರ್ಜಿ ಕಂಡ ಕೂಡಲೇ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ನಕ್ಷೆ ಮತ್ತು ದಾಖಲೆಗಳ ಪ್ರತಿ ಸಹಿತ ಸಂಬಂಧಿಸಿದ ಸಮಿತಿಗೆ ಕಳುಹಿಸಿ, ಜಿಲ್ಲಾಧಿಕಾರಿಗಳಿಗೂ ಬಳ್ಳಾರಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಸಾರ್ವಜನಿಕ ಆಲಿಕೆ ಇದ್ದರೆ ಕನಿಷ್ಠ 30 ದಿನ ಮುಂಚೆ ಪತ್ರಿಕಾ ಪ್ರಕಟಣೆ ಬರುತ್ತದೆ. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಮೊದಲು ಪ್ರಶ್ನೆಪಟ್ಟಿ ಓದಿ, ಆಮೇಲೆ ವರದಿ ಓದಿದರೆ ಯಾವ ಪ್ರಶ್ನೆಗೆ ಉತ್ತರ ತಪ್ಪಿದೆ ಎಂದು ನಿರ್ದಿಷ್ಟವಾಗಿ ಹೇಳಬಹುದು.

ಯೋಜನೆ ಜರಡಿಯಿಂದ ಕೆಳಗೆ ಇಳಿದಿದ್ದರೆ? ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಭೂಮಿಯಲ್ಲಿ ಹಿತಾಸಕ್ತಿ ಇರುವವರು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಮೋರಿ, ಕೆಳಸೇತುವೆಗಳ ಬೇಡಿಕೆಯನ್ನು ನಕ್ಷೆ ಸಹಿತ ಅದರಲ್ಲಿಯೇ ಸೇರಿಸಿ, ನೀರಾವರಿ ಇಲಾಖೆಗೂ ಪ್ರತಿ ಕೊಡಬೇಕು. ದಾರಿ ಕಿರಿದಾದುದು, ಆದರೂ ಬಿಡಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಯೋಜನೆಯ ಪರ ಅಥವಾ ವಿರೋಧ ವಾದಿಸುವುದು ವಿಸ್ತರಣಾ ಕಾರ್ಯಕರ್ತರ ಕೆಲಸವಲ್ಲ. ಹೊಲದ ಅಂಕಿ ಅಂಶಗಳು ಸರಿಯಾಗಿ ಕಾಗದಕ್ಕೆ ಇಳಿಯುವಂತೆ ನೆರವಾಗುವುದು ಅವರ ಕೆಲಸ. ರೈತ ಸಂಪರ್ಕ ಕೇಂದ್ರದಿಂದ ಮಣ್ಣು ಮಾದರಿ ಕಳುಹಿಸುವುದು, ವೀಕ್ಷಣಾ ಕೊಳವೆ ಇಳಿಸುವುದನ್ನು ತೋರಿಸಿಕೊಡುವುದು, ತಗ್ಗಿನ ಹೊಲದ ಸಣ್ಣ ರೈತರ ಮಾತು ಗ್ರಾಮಸಭೆಯಲ್ಲಿ ಕೇಳಿಬರುವಂತೆ ನೋಡಿಕೊಳ್ಳುವುದು, ಇಷ್ಟಾದರೆ ಮಹತ್ವದ ಸೇವೆಯೇ ಸರಿ.

ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದಿಂದಲೂ ಹೊಲಗಳಿಗೆ ನೀರುಣಿಸುತ್ತಾ ಬಂದಿವೆ. ಹೊಸ ರಸ್ತೆಯೂ ಹಾಗೆಯೇ ಬಹುಕಾಲ ನಿಲ್ಲುವಂತಹುದು. ಒಮ್ಮೆ ಏರಿ ಎದ್ದ ಮೇಲೆ ಮರೆತ ಮೋರಿಯನ್ನು ಸೇರಿಸುವುದು ಬಹಳ ಕಷ್ಟ, ಬಹಳ ಖರ್ಚು. ನಕ್ಷೆ ಕಾಗದದ ಮೇಲೆ ಇರುವಾಗ ಅದನ್ನು ಸೇರಿಸಲು ಒಂದು ಗೆರೆ ಸಾಕು. ಆ ಗೆರೆ ಎಲ್ಲಿ ಬೀಳಬೇಕೆಂದು ಬಲ್ಲವನು ಆ ಹೊಲದಲ್ಲಿ ನೀರು ಕಟ್ಟುವ ರೈತ. ಈ ಮುಂಗಾರಿನಲ್ಲಿಯೇ ನಕ್ಷೆ ಬಿಡಿಸಿ, ಕೊಳವೆ ಇಳಿಸಿ ದಾಖಲೆ ಆರಂಭಿಸುವುದು ಲೇಸು.